ಒಂದು ಚಮಚ ಎಣ್ಣೆ

ಬಸ್ ವರ್ಕ್‌ಶಾಪಿನ ಮೇಸ್ತ್ರಿ ಬೆಳಿಗ್ಗೆ ಸ್ಕೂಟರ್ ಹೊರಡಿಸುವಾಗ ಹೆಂಡತಿ ಬಾಗಿಲಲ್ಲೇ ತಡೆದಳು.

“ಮತ್ತೆ ಬಾಗಿಲ ಮುಂದೆ ಕಪ್ಪು ಕಲೆ. ಊರಿನ ಬಸ್ಸೆಲ್ಲ ರಿಪೇರಿ ಮಾಡ್ತೀರಿ, ಇದಕ್ಕೊಂದು ವಾಷರ್ ಹಾಕಕ್ಕಾಗಲ್ವಾ?”

“ನಾಳೆ ಹಾಕ್ತೀನಿ ಬಿಡು. ಇವತ್ತು ತಪಾಸಣೆ ಇದೆ.”

“ನಿಮ್ಮ ನಾಳೆ ನಂಗೊತ್ತಿಲ್ವಾ? ಅಲ್ಲೇನಾದ್ರೂ ಎಡವಟ್ಟಾಗಿ ವರ್ಗ ಆದ್ರೆ, ಈ ಸಲ ಒಬ್ರೇ ಹೋಗಿ. ನಾನಂತೂ ಮತ್ತೆ ಗಂಟುಮೂಟೆ ಕಟ್ಟಲ್ಲ.”

ಅವಳ ಭಯ ಸುಳ್ಳಲ್ಲ. ವರ್ಕ್‌ಶಾಪಿನ ಅಂಗಳದ ಮಳೆನೀರು ಚರಂಡಿ ಹಿಡಿದು ನೇರ ಕೆರೆಗೆ ಹೋಗುತ್ತಿತ್ತು. ಹೋದ ಮಳೆಗಾಲದಲ್ಲಿ ಕೆರೆಯ ಮೇಲೆಲ್ಲ ಎಣ್ಣೆ ಹರಡಿ, ಮೀನುಗಳು ಹೊಟ್ಟೆ ಮೇಲಾಗಿ ತೇಲಿದ್ದವು. ಇನ್ನೊಮ್ಮೆ ಎಣ್ಣೆ ಕಂಡರೆ ಎತ್ತಂಗಡಿ ಖಂಡಿತ ಎಂದು ಮ್ಯಾನೇಜರು ಹೇಳಿಬಿಟ್ಟಿದ್ದರು. ಮೇಸ್ತ್ರಿಗೆ ಅದಕ್ಕಿಂತ ಆ ಮೀನುಗಳ ಚಿಂತೆಯೇ ಹೆಚ್ಚು. ಇಷ್ಟು ವರ್ಷ ತಾನು ತೊಳೆದುಬಿಟ್ಟ ನೀರು ಎಲ್ಲಿಗೆ ಹೋಗುತ್ತದೆಂದು ಒಮ್ಮೆಯೂ ಯೋಚಿಸಲಿಲ್ಲವಲ್ಲ ಎಂದು ಒಳಗೊಳಗೇ ಹಳಹಳಿಸುತ್ತಿದ್ದ.

ಅಂದಿನಿಂದ ಮೇಸ್ತ್ರಿಯದೇ ಹೊಸ ಕಟ್ಟಳೆ ಬಂತು. ಸೋರುವ ಬಸ್ಸಾದರೆ ಸೂರಿನ ಕೆಳಗೆ ತಟ್ಟೆಯಿಟ್ಟೇ ರಿಪೇರಿ; ನೌಕರರ ಗಾಡಿಯಾದರೆ ಗೇಟಿನ ಆಚೆ. “ಒಂದು ಚಮಚ ಎಣ್ಣೆ ಸಾಕು ಕಣ್ರೋ, ಕೆರೆ ತುಂಬ ಹರಡತ್ತೆ,” ಎಂದು ಸಿಕ್ಕಸಿಕ್ಕವರಿಗೆ ಉಪದೇಶ ಮಾಡಿ ಮಾಡಿ ಅವನಿಗೆ ‘ಕೆರೆಗುರುಗಳು’ ಎಂಬ ಹೆಸರೂ ಬಿದ್ದಿತ್ತು. ಗುರುಗಳು ತಮ್ಮ ಗಾಡಿಗೂ ರಿಯಾಯಿತಿ ಕೊಡಲಿಲ್ಲ. ಅದನ್ನು ರಸ್ತೆಬದಿಯ ಮರದ ಕೆಳಗೆ ನಿಲ್ಲಿಸಿ, ನುಡಿದಂತೆ ನಡೆದ ಹೆಮ್ಮೆಯಲ್ಲಿ ನಡೆದೇ ಒಳಗೆ ಬರುತ್ತಿದ್ದರು.

ಆ ದಿನ ಮೋಡ ಕವಿದಿತ್ತು. ಡ್ರೈವರೊಬ್ಬ ಬಸ್ಸನ್ನು ಹಿಂದಕ್ಕೆ ತೆಗೆಯುತ್ತ ಹಳೆ ಎಣ್ಣೆಯ ಡಬ್ಬಕ್ಕೆ ಗುದ್ದಿದ. ಎಣ್ಣೆ ಅಂಗಳದ ಇಳಿಜಾರು ಹಿಡಿದು ಚರಂಡಿಯತ್ತ ಹೊರಟಿತು.

ಕಿಟಕಿಯಲ್ಲಿ ಕ್ಯಾಷಿಯರ್ ತಲೆ ಹಾಕಿದ. “ಸೋಪಿನ ಪುಡಿ ಹಾಕಿ ಪೈಪ್ ಬಿಡಿ, ಹೋಗ್ಬಿಡತ್ತೆ.”

“ಎಲ್ಲಿಗೆ ಹೋಗತ್ತೆ?”

“ಚರಂಡಿಗೆ. ಇನ್ನೆಲ್ಲಿಗೆ?”

ಮೇಸ್ತ್ರಿ ಉತ್ತರ ಕೊಡುವಷ್ಟರಲ್ಲಿ ವಾಚ್‌ಮನ್ ಉಪಕಾರ ಮಾಡಲೆಂದು ಪೈಪ್ ತಿರುಗಿಸಿಯೇಬಿಟ್ಟ. ಬೇರೆ ದಾರಿ ಕಾಣದೆ ಮೇಸ್ತ್ರಿ ಚರಂಡಿಯ ಬಾಯಿಗೆ ರಬ್ಬರ್ ಹಾಳೆ ಹಾಸಿ ಅದರ ಮೇಲೆ ಕೂತುಬಿಟ್ಟ, ಮೊಟ್ಟೆಗೆ ಕಾವು ಕೊಡುವ ಕೋಳಿಯ ಹಾಗೆ.

“ನೀರು ನಿಲ್ಸಪ್ಪಾ! ಮರದ ಪುಡಿ ತನ್ನಿ.”

ಎಲ್ಲರೂ ಸೇರಿ ಮರದ ಪುಡಿ ಚೆಲ್ಲಿ, ಎಣ್ಣೆ ಹೀರಿಸಿ, ಗುಡಿಸಿ ಡ್ರಮ್ಮಿಗೆ ತುಂಬಿದರು. ಕೊನೆಯ ಮೊರ ತುಂಬುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಯಿತು. ತಪಾಸಣಾಧಿಕಾರಿ ಮೇಡಂ ಕೊಡೆ ಹಿಡಿದು ಒಳಗೆ ಬಂದಾಗ ಮೇಸ್ತ್ರಿ ಇನ್ನೂ ಅಲ್ಲೇ ಕೂತಿದ್ದ.

ಅವನು ಎದ್ದು ಹಾಳೆ ಎತ್ತಿದ. ತಿಳಿನೀರು ಹರಿಯಿತು. ಮೇಡಂ ಬಗ್ಗಿ ನೋಡಿದರು. “ಇಷ್ಟು ಚೊಕ್ಕವಾದ ಚರಂಡಿ ನಾನು ಎಲ್ಲೂ ನೋಡಿಲ್ಲ.” ಮೇಸ್ತ್ರಿಯ ಕಣ್ಣು ತುಂಬಿ ಬಂತು. ಮಳೆಯಲ್ಲಿ ಅದು ಯಾರಿಗೂ ಕಾಣಲಿಲ್ಲ.

ಮಳೆ ನಿಂತ ಮೇಲೆ ಎಲ್ಲರೂ ಕೆರೆಗೆ ಹೋದರು. ದಡದ ಒಂದು ಮೂಲೆಯಲ್ಲಿ, ರಸ್ತೆ ಮೋರಿ ಬಂದು ಸೇರುವಲ್ಲಿ, ನೀರಿನ ಮೇಲೆ ಏಳು ಬಣ್ಣ ಮಿರುಗುತ್ತಿತ್ತು. ಮ್ಯಾನೇಜರು ಮೇಸ್ತ್ರಿಯ ಮುಖ ನೋಡಿದರು.

“ಇದು ನಮ್ಮ ಚರಂಡಿಯಿಂದ ಬಂದಿದ್ದಲ್ಲ ಮೇಡಂ, ರಸ್ತೆ ಮೋರಿಯಿಂದ ಬಂದಿದ್ದು,” ಎಂದ ಮೇಸ್ತ್ರಿ. “ಜಾಡು ಹಿಡಿದು ಹೋಗೋಣ ಬನ್ನಿ. ಯಾವನೋ ಹೊಣೆಗೇಡಿ. ಅವನನ್ನ ಮಾತ್ರ ಸುಮ್ನೆ ಬಿಡಬೇಡಿ.”

“ಬಿಡಲ್ಲ,” ಎಂದರು ಮೇಡಂ.

ಮೇಸ್ತ್ರಿಯೇ ಮುಂದಾಗಿ ನಡೆದ. ಬಣ್ಣದ ಗೆರೆ ಮೋರಿಗುಂಟ ಏರಿ, ತಿರುವು ಹಾದು, ವರ್ಕ್‌ಶಾಪಿನ ಗೇಟಿನ ಹತ್ತಿರ ಬಂದು, ಮರದ ಕೆಳಗೆ ನಿಂತಿತು. ಅಲ್ಲಿ ನೆಲವೆಲ್ಲ ಕಪ್ಪಾಗಿತ್ತು. ಸ್ಕೂಟರಿನ ಹೊಟ್ಟೆಯಿಂದ ಇನ್ನೊಂದು ಹನಿ ತೊಟ್ಟಿಕ್ಕಿತು.

“ಇದನ್ನ ಯಾಕೆ ಹೊರಗೆ ನಿಲ್ಲಿಸಿದಾರೆ?” ಮೇಡಂ ಕೇಳಿದರು.

ವಾಚ್‌ಮನ್ ಮತ್ತೊಮ್ಮೆ ಉಪಕಾರಕ್ಕೆ ಮುಂದಾದ.

“ಸೋರೋ ಗಾಡಿ ಒಳಗೆ ಬರಂಗಿಲ್ಲ ಮೇಡಂ. ನಮ್ಮ ಮೇಸ್ತ್ರಿಗಳು ಭಾರಿ ಕಟ್ಟುನಿಟ್ಟು. ನೋಡಿ, ಸ್ವಂತ ಗಾಡಿನೂ ಬಿಟ್ಟಿಲ್ಲ.”

ಆ ಸಂಜೆ ಮೇಸ್ತ್ರಿ ಸ್ಕೂಟರನ್ನು ತಳ್ಳಿಕೊಂಡು ಮನೆಗೆ ಬಂದು, ಕೆಳಗೊಂದು ತಟ್ಟೆಯಿಟ್ಟು, ವಾಷರ್ ಹಾಕಿದ. ಹಿಡಿದದ್ದು ಅರ್ಧ ಗಂಟೆಯೂ ಇಲ್ಲ. ಆಮೇಲೆ ಒಂದು ಹನಿಯೂ ಬೀಳಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೊಸ ವಾಷರನ್ನೂ ನೋಡಿದಳು, ಗಂಡನ ಮುಖವನ್ನೂ ನೋಡಿದಳು.

“ಯಾವ ಊರಿಗೆ?” ಎಂದು ಕೇಳಿದಳು.