ತಲೆಬುರುಡೆ ಅಂಟಿಸಿದ ತುಪ್ಪದ ಡಬ್ಬ

ಆಗ ನನಗೆ ನಲವತ್ತು ದಾಟಿತ್ತು. ಅದಾಗಿ ಈಗ ನಲವತ್ತು ವರ್ಷದ ಮೇಲಾಯಿತು. ಸಂಸಾರದಲ್ಲಿ ತುಪ್ಪ ಉಳಿಸುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಬೆಕ್ಕು ಬಂದರೆ ನೆಲುವು ಕಟ್ಟಬಹುದು, ಇರುವೆ ಬಂದರೆ ನೀರಿನ ತಟ್ಟೆ ಇಡಬಹುದು. ಗಂಡ ಬಂದರೆ ಏನು ಮಾಡುವುದು? ನನ್ನ ಗಂಡ ಉದ್ದನಪಲ್ಲಿಯಲ್ಲಿ ಮನೆಯ ಮುಂಭಾಗದಲ್ಲೇ ಹುಳದ ಔಷಧಿ ಅಂಗಡಿ ಇಟ್ಟಿದ್ದ. ಬದನೆ, ಕೋಸು ಬೆಳೆಯುವವರೆಲ್ಲ ಅಲ್ಲಿಗೇ ಬರುತ್ತಿದ್ದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಳಗೆ ಬಂದು ತುಪ್ಪಕ್ಕೆ ಬೆರಳು ಹಾಕುವುದು ಅವನ ಇನ್ನೊಂದು ವ್ಯಾಪಾರ.

ಮಗಳು ಚೊಚ್ಚಲ ಹೆರಿಗೆಗೆ ಬರುವುದಿತ್ತು. ಬಾಣಂತಿಗೆ ಬೇಕೆಂದು ಎಮ್ಮೆಯ ಬೆಣ್ಣೆ ಕಾಸಿ ಕೂಡಿಸುತ್ತಿದ್ದೆ, ಕೂಡಿಸಿದ್ದೆಲ್ಲ ಇಳಿಯುತ್ತಿತ್ತು. ನನಗೆ ಅಕ್ಷರ ಅಷ್ಟಕ್ಕಷ್ಟೆ. ಆದರೆ ತಲೆಬುರುಡೆ ಓದುವುದಕ್ಕೆ ಇಸ್ಕೂಲು ಬೇಕಿಲ್ಲ. ಅಂಗಡಿಯ ಒಂದು ಔಷಧಿ ಡಬ್ಬದ ಚೀಟಿಯನ್ನು ನೀರು ಹಚ್ಚಿ ಬಿಡಿಸಿ, ರಾಗಿ ಗಂಜಿ ಸವರಿ, ತುಪ್ಪದ ಡಬ್ಬಕ್ಕೆ ಅಂಟಿಸಿದೆ. ಜಿರಳೆಗೆ ತಂದಿಟ್ಟಿದ್ದೇನೆ ಎಂದೆ. ಗಂಡ ಆ ಮೂಲೆಯ ಕಡೆ ಸುಳಿಯುವುದನ್ನೇ ಬಿಟ್ಟ.

ಆಗಲೇ ಕೃಷ್ಣಗಿರಿಯಿಂದ ಔಷಧಿ ಅಂಗಡಿ ತಪಾಸಣೆ ಮಾಡುವ ಇನ್ಸ್‌ಪೆಕ್ಟರು ಬಂದರು. ತಿನ್ನುವ ಪದಾರ್ಥದ ಜೊತೆ ವಿಷ ಇಟ್ಟರೆ ಅಂಗಡಿಯ ಲೈಸೆನ್ಸು ಹೋಯಿತು ಎಂದು ಕಾನೂನು. ಅಂಗಡಿ ನೋಡಿ ಮುಗಿಸಿದವರು ಅಡುಗೆಮನೆಗೂ ಇಣುಕಿದರು. ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲೇ ತಲೆಬುರುಡೆ ಕೂತಿತ್ತು.

“ಏನಮ್ಮಾ ಇದು? ಪೂಚಿ ಮರುಂದು ಒಲೆ ಪಕ್ಕ ಮಡಗಿದ್ದೀರಲ್ಲ” ಎಂದರು, ಹುಳದ ಔಷಧಿಗೆ ತಮಿಳು ಬೆರೆಸಿದ ಕನ್ನಡದಲ್ಲಿ.

ಗಂಡ ಅವರ ಹಿಂದೆಯೇ ನಿಂತಿದ್ದ. ವಿಷ ಅಂದರೆ ಅಂಗಡಿ ಹೋಗುತ್ತದೆ, ತುಪ್ಪ ಅಂದರೆ ತುಪ್ಪ ಹೋಗುತ್ತದೆ. ಇನ್ಸ್‌ಪೆಕ್ಟರು ಮಾದರಿ ತುಂಬಲು ಮೂರು ಸೀಸೆ ತೆಗೆದರು. ಒಂದು ಪರೀಕ್ಷೆಗೆ, ಒಂದು ಕೋರ್ಟಿಗೆ, ಒಂದು ನಮಗಂತೆ. ಬಾಣಂತಿಯ ತುಪ್ಪದಲ್ಲಿ ಕೋರ್ಟಿಗೂ ಪಾಲು. ಮೂಗಿಗೆ ಟವೆಲು ಕಟ್ಟಿಕೊಂಡು ಮುಚ್ಚಳ ಎತ್ತಿದರು. ಟವೆಲಿನೊಳಕ್ಕೂ ಘಮ ಹೋಯಿತು.

“ತುಪ್ಪ ಸಾರ್” ಎಂದೆ. “ಈವಯ್ಯನಿಂದ ಉಳಿಸ್ಕೊಳ್ಳಕ್ಕೆ ಅಂಟಿಸ್ದೆ.”

ಅವರು ನಗಲಿಲ್ಲ. “ಸರಿ. ಚೀಟಿ ಬಿಡಿಸಿದ ಡಬ್ಬ ಎಲ್ಲೈತೆ?”

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಗಂಡನ ಮುಖ ಸುಣ್ಣವಾಯಿತು. ಹೋಗಿ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ಬೋಳು ಡಬ್ಬ ತಂದ.

“ಇದಾ? ತುಪ್ಪಾನ ಅಂಗ್ಡೀಲಿ ಬಚ್ಚಿಟ್ಟಿದ್ದೀಯ ಅಂದ್ಕೊಂಡಿದ್ನಲ್ಲಮ್ಮಿ. ನೆನ್ನೆಯಿಂದ ಮುಚ್ಚಳ ಕೀಳ್ತಾ ಇವ್ನಿ.”

ಮುಚ್ಚಳದ ಸುತ್ತ ಚಾಕುವಿನ ಗೀರುಗಳಿದ್ದವು. ಇನ್ಸ್‌ಪೆಕ್ಟರು ಬೋಳು ಡಬ್ಬಕ್ಕೆ ಸೀಲು ಹಾಕಿದರು, ನನ್ನ ಚೀಟಿಯನ್ನೂ ಕಿತ್ತುಕೊಂಡರು.

“ಸರ್ಕಾರ ಇದನ್ನ ಹಾಕ್ಸಿರೋದು ವಿಷಕ್ಕಮ್ಮ, ನಿಮ್ಮ ಯಜಮಾನ್ರಿಗಲ್ಲ. ಇನ್ನೊಂದ್ಸಲ ಕಂಡ್ರೆ ಲೈಸೆನ್ಸು ಇರಲ್ಲ” ಎಂದು ಹೊರಟರು.

ಮಾರನೆಯ ಬೆಳಿಗ್ಗೆ ನಾನಾಗಿಯೇ ಗಂಡನ ಬಿಸಿ ಮುದ್ದೆಯ ಮೇಲೆ ಒಂದು ಸೌಟು ತುಪ್ಪ ಸುರಿದೆ. ಮದುವೆಯಾದ ಮೇಲೆ ಅದೇ ಮೊದಲು. ಅವನು ಮುದ್ದೆ ನೋಡಿದ, ನನ್ನ ಮುಖ ನೋಡಿದ, ತಟ್ಟೆಯನ್ನು ನನ್ನ ಕಡೆಗೆ ತಳ್ಳಿದ.

“ಮೊದ್ಲು ನೀನು ಉಣ್ಣು.”

ಉಂಡೆ.