ಮೂರು ಬೀಜ, ನಾಲ್ಕು ಮೊಳಕೆ

ಪುಟ್ಟಿಯ ಕುತ್ತಿಗೆಯ ಮೇಲೆ ಕೆಂಪು ಗುಳ್ಳೆ ಎದ್ದ ದಿನವೇ ಅವಳ ಅಮ್ಮ ಅಂಗಡಿಯ ಸೋಪಿನ ಪುಡಿಯ ಮೇಲೆ ಮಹಾಯುದ್ಧ ಸಾರಿದಳು. ಇನ್ನು ಅಂಟುವಾಳದ ಮರ ಬೆಳೆಸುವುದು, ಅದರ ಕಾಯಿಯ ಸಿಪ್ಪೆಯನ್ನು ನೀರಲ್ಲಿ ಕಿವುಚಿ, ಆ ನೊರೆಯಲ್ಲೇ ಮಗಳ ಬಟ್ಟೆ ಒಗೆಯುವುದು. ಹಿಂದಿನವರು ರೇಷ್ಮೆ ಬಟ್ಟೆ, ಒಡವೆ, ತಲೆಗೂದಲು ಎಲ್ಲವನ್ನೂ ಅದರಲ್ಲೇ ತೊಳೆಯುತ್ತಿರಲಿಲ್ಲವೇ?

"ಆ ಮರ ಕಾಯಿ ಬಿಡೋ ಹೊತ್ತಿಗೆ ಪುಟ್ಟಿ ತನ್ನ ಬಟ್ಟೆ ತಾನೇ ಒಗ್ಕೊಳ್ತಾಳೆ ಕಣೇ" ಎಂದ ಗಂಡ. (ಬಸ್ ಕಂಡಕ್ಟರ್; ಹತ್ತುವ ಮೊದಲೇ ಕೊನೆಯ ಸ್ಟಾಪಿನ ಯೋಚನೆ.)

"ಒಗ್ಕೊಳ್ಳಲಿ ಬಿಡಿ. ಅಮ್ಮ ಬೆಳೆಸಿದ ಮರ ಅಂತ ನೆನೆಸ್ಕೊಂಡು ಒಗೀತಾಳೆ."

ಅವಳ ಹಟಕ್ಕೆ ಕಾರಣವಿತ್ತು. ಮನೆಯ ಬಾಲ್ಕನಿಯಲ್ಲಿ ಅವಳು ನೆಟ್ಟದ್ದು ಒಂದೂ ಬದುಕಿರಲಿಲ್ಲ. ಎಲ್ಲೆಂದರಲ್ಲಿ ಹಬ್ಬುವ ಪುದೀನವೂ ಅವಳ ಕೈಯಲ್ಲಿ ಪ್ರಾಣ ಬಿಟ್ಟಿತ್ತು. ಮಗಳಿಗಾಗಿ ಒಂದಾದರೂ ಚಿಗುರಬೇಕು ಎಂದು ಪಣ ತೊಟ್ಟು ಕೂತಿದ್ದಳು.

ಅಂಟುವಾಳದ ಬೀಜವೆಂದರೆ ಕರಿ ಗೋಲಿ. ಅದನ್ನು ಕಲ್ಲಿಗೆ ಉಜ್ಜಿ, ಬೆಚ್ಚಗಿನ ನೀರಲ್ಲಿ ನೆನೆಹಾಕಬೇಕು. ಮೂರು ಬೀಜ ಉಜ್ಜಿ, ನೀರಿನ ಸಮೇತ ಒಲೆಯ ಮೇಲಿಟ್ಟಳು. ಅಷ್ಟರಲ್ಲಿ ಪುಟ್ಟಿ ಅತ್ತಳು. ಹಾಲು ಕುಡಿಸಿ ಮರಳಿ ಬಂದಾಗ ಒಲೆ ಆರಿತ್ತು.

"ನೋಡಿ ಅತ್ತೆ, ನೀರು ಎಷ್ಟು ಹದವಾಗಿದೆ."

"ಹೂಂ" ಎಂದರು ಅತ್ತೆ, ಗೋಡೆಯ ಕಡೆ ನೋಡುತ್ತಾ.

ಮೂರೂ ಬೀಜ ಬಾಲ್ಕನಿಯ ಕುಂಡದಲ್ಲಿ ಊರಿದ ಮೇಲೆ ಶುರುವಾಯಿತು ಕಾವಲು. ಎದ್ದರೆ ಕುಂಡ, ಕೂತರೆ ಕುಂಡ. ವಾರಗಳು ಉರುಳಿದರೂ ಮಣ್ಣು ಮೌನವ್ರತ ಬಿಡಲಿಲ್ಲ. ಅವಳ ಮುಖ ದಿನದಿನಕ್ಕೆ ಬಾಡಿತು.

ಒಂದು ಬೆಳಿಗ್ಗೆ ನೋಡಿದರೆ ನಾಲ್ಕು ಮೊಳಕೆ!

"ಒಂದು ಬೀಜದಲ್ಲಿ ಅವಳಿ" ಎಂದು ಪಕ್ಕದ ಮನೆಯ ಟೈಲರಮ್ಮನಿಗೆ ಸಾರಿದಳು. ಅಂಟುವಾಳದ ಗುಣಗಾನ ಮುಗಿಯುವಷ್ಟರಲ್ಲಿ ಟೈಲರಮ್ಮನ ಹೊಲಿಗೆ ಎಲ್ಲೆಲ್ಲಿಗೋ ಹೋಗಿತ್ತು.

ಸಂಜೆ ಒಗೆದ ಬಟ್ಟೆಯ ಬಕೆಟ್ ಹಿಡಿದು ಬಂದವಳಿಗೆ ಬಾಲ್ಕನಿಯಲ್ಲಿ ಪಿಸುಮಾತು ಕೇಳಿಸಿತು.

"ದಿನವಿಡೀ ಬಸ್ಸಲ್ಲಿ ತಲೆ ಎಣಿಸ್ತೀಯ, ಕುಂಡದಲ್ಲಿ ನಾನಾಗ್ಲೇ ನೆಟ್ಟಿದ್ದ ಎರಡು ಕಾಣಲಿಲ್ವೇನೋ?"

"ಮೊದಲ ಟ್ರಿಪ್ಪಿಗೆ ಹೊರಡೋ ಕತ್ತಲಲ್ಲಿ ಏನಮ್ಮ ಕಾಣುತ್ತೆ? ಬೀಜ ಬೆಂದುಹೋಗಿದೆ ಅಂತ ನನಗೆ ಹೇಳಿದೋಳು, ನೀನೂ ಸಸಿ ತಂದು ನೆಡ್ತೀನಿ ಅಂತ ಹೇಳಿದ್ಯಾ?"

"ಬೆಂದಿತ್ತಾ?" ಎಂದಳು ಅವಳು.

ತಾಯಿ ಮಗ ಇಬ್ಬರೂ ಬೆಚ್ಚಿ ತಿರುಗಿದರು. ಅತ್ತೆ ಬಾಯಿಬಿಟ್ಟರು. "ಕೊತಕೊತ ಕುದೀತಿತ್ತು ಕಣಮ್ಮ. ಮಗೂನ ತೊಡೆ ಮೇಲೆ ಹಾಕ್ಕೊಂಡು ಕೂತಲ್ಲೇ ನಿದ್ದೆ ಹೋಗಿದ್ದೆ ನೀನು. ಎಷ್ಟು ರಾತ್ರಿ ನಿದ್ದೆ ಕೆಟ್ಟಿದ್ಯೋ ಏನೋ. ಎಬ್ಬಿಸೋಕೆ ಮನಸ್ಸಾಗ್ಲಿಲ್ಲ, ನಾನೇ ಒಲೆ ಆರಿಸಿದೆ."

ಬೈಯಲು ಹೊರಟವಳು ಬಗ್ಗಿ ಒಂದು ಎಲೆ ಮುಟ್ಟಿದಳು. "ಹಾಗಾದ್ರೆ ಇವೇನು ಗಿಡ?" ಎಂದಳು.

ಗಂಡ ಆಕಾಶ ನೋಡಿದ. "ರಸ್ತೆ ಬದಿ ಮರದ ಕೆಳಗೆ ಬೇಕಾದಷ್ಟು ಎದ್ದಿದ್ವು, ಅಮ್ಮ ತಂದದ್ದೂ ಅಲ್ಲಿಂದಲೇ..."

"ಯಾವ ಮರ?"

"ನೇರಳೆ."

ಒಗೆದರೂ ಹೋಗದ ಕಲೆಯ ನೇರಳೆ! ಅವಳು ಬಕೆಟ್ಟಿನೊಳಗಿನ ಪುಟ್ಟ ಬಿಳಿ ಫ್ರಾಕುಗಳನ್ನು ನೋಡಿದಳು, ಸಸಿಗಳನ್ನು ನೋಡಿದಳು, ಗಂಡನ ಉಗುರುಗಳಲ್ಲಿ ಇನ್ನೂ ಉಳಿದಿದ್ದ ಮಣ್ಣನ್ನು ನೋಡಿದಳು. ಆಮೇಲೆ ಬಕೆಟ್ ಕೆಳಗಿಟ್ಟು, ಸಸಿಗಳಿಗೆ ನೀರು ಹನಿಸುತ್ತಾ ಹೇಳಿದಳು:

"ಅತ್ತೆ, ಇನ್ಮೇಲೆ ಪುಟ್ಟಿಗೆ ಎಲ್ಲಾ ಫ್ರಾಕೂ ನೇರಳೆ ಬಣ್ಣದ್ದೇ ಹೊಲಿಸೋಣ."