ದಳಪತಿ ಕಚ್ಚಿದ ಬಾಕಿ ಆರು ಮಂದಿ

ಎಲ್ಲ ಅನರ್ಥಕ್ಕೂ ಮೂಲ ಒಂದೇ ಒಂದು ಅಡಿಟಿಪ್ಪಣಿ.

ಪುರಸಭೆಯ ದಾಖಲೆ ಕೋಣೆಯ ಗುಮಾಸ್ತ ಮೂವತ್ತೊಂಬತ್ತು ವಾರಗಳಿಂದ ಊರಿನ ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದ. ನೂರಿಪ್ಪತ್ತು ವರ್ಷದ ಹಿಂದೆ ಊರಿಗೆ ಶತ್ರುಗಳು ಮುತ್ತಿಗೆ ಹಾಕಿದಾಗ ಕೋಟೆಯನ್ನು ಉಳಿಸಿದ ದಳಪತಿ ಒಬ್ಬ ರಕ್ತಪಿಶಾಚಿಯಾಗಿದ್ದ ಎಂಬುದು ಕತೆ. ಇಲ್ಲದಿದ್ದರೆ ಆ ಮನುಷ್ಯ ರಾತ್ರಿ ಹೊತ್ತು ಮಾತ್ರ ಏಕೆ ಯುದ್ಧ ಮಾಡುತ್ತಿದ್ದ? ಪುರಸಭೆಯ ಗೋಡೆಯ ಮೇಲಿನ ಚಿತ್ರದಲ್ಲಿ ಬಾಯಿಯನ್ನು ಅಷ್ಟು ಬಿಗಿಯಾಗಿ ಏಕೆ ಮುಚ್ಚಿಕೊಂಡಿದ್ದಾನೆ? ನಮ್ಮ ಗುಮಾಸ್ತನಿಗೆ ಆಧಾರವಿಲ್ಲದೆ ‘ಮಳೆ ಬಂತು’ ಎಂದು ಹೇಳಿಯೂ ಅಭ್ಯಾಸವಿಲ್ಲ. ಹೀಗಾಗಿ ಪಿಶಾಚಿಯ ಕತೆಗೂ ಪುಟದ ಕೆಳಗೆ ಕಡತ ಯಾವುದು, ಕಪಾಟು ಯಾವುದು ಎಂದು ಟಿಪ್ಪಣಿ ಹಾಕುತ್ತಿದ್ದ. ಊರಿನವರು ಅವನ ಹೆಸರನ್ನೇ ಮರೆತು ಅಡಿಟಿಪ್ಪಣಿ ಎಂದು ಕರೆಯುತ್ತಿದ್ದರು.

ಹೋದ ವಾರದ ಕಂತಿನಲ್ಲಿ, ಮುತ್ತಿಗೆಯ ಕೊನೆಯ ರಾತ್ರಿ ದಳಪತಿ ಏಳು ಮಂದಿ ಶೂರರ ಕತ್ತು ಕಚ್ಚಿ ಅವರನ್ನೂ ಸಾವಿಲ್ಲದವರನ್ನಾಗಿ ಮಾಡಿದ ಎಂದು ಬರೆದಿದ್ದ. ಏಳರಲ್ಲಿ ಕಹಳೆ ಊದುವವನ, ಅಂದರೆ ಊರಿನ ಟೈಲರನ ಮುತ್ತಾತನ, ಹೆಸರು ಮಾತ್ರ ಹೇಳಿ, ಕೆಳಗೆ ‘ಬಾಕಿ ಆರು ಮಂದಿಯ ಹೆಸರು ದಾಖಲೆಯಲ್ಲಿ ಸಿಕ್ಕಿಲ್ಲ’ ಎಂದು ಟಿಪ್ಪಣಿ ಹಾಕಿದ. ಆರು ಹುದ್ದೆ ಖಾಲಿ ಇದೆ ಎಂದು ಊರ ಬಾಗಿಲಿಗೆ ಬೋರ್ಡು ತೂಗುಹಾಕಿದ ಹಾಗಾಯಿತು.

ಈ ಹೊತ್ತು ಕೊನೆಯ ಕಂತು. ಹನ್ನೊಂದಕ್ಕೆ ಅಚ್ಚಿಗೆ ಹೋಗಬೇಕು, ಸಂಜೆ ಐದಕ್ಕೆ ಅಂಗಡಿಗೆ ಬರುತ್ತದೆ. ಅಡಿಟಿಪ್ಪಣಿ ಬೆಳಿಗ್ಗೆ ಎದ್ದವನೇ ಮೇಜಿನ ಮೇಲಿದ್ದ ಎರಡು ಪುಟಗಳನ್ನು ಮತ್ತೊಮ್ಮೆ ಓದಿದ. ದಳಪತಿ ತನ್ನ ಅಣ್ಣನನ್ನು ಮಣ್ಣು ಮಾಡುವ ಭಾಗ ಅದು. ಎಲ್ಲರೂ ಕತ್ತು ಒಡ್ಡಿದಾಗ ಅಣ್ಣನೊಬ್ಬ “ನಂಗೆ ಬೇಡ ಕಣೋ, ಇದ್ದಷ್ಟು ಸಾಕು” ಎಂದು ಮುಪ್ಪಾಗಿ ಸತ್ತುಹೋಗಿದ್ದ. ಸಾಯಲಾರದ ತಮ್ಮ ಗುಂಡಿಯ ಪಕ್ಕ ಕೂತು, ಇನ್ನು ಎಷ್ಟು ನೂರು ವರ್ಷ ನೀನಿಲ್ಲದೆ ಇರಲಿ ಎಂದು ಕೇಳುತ್ತಾನೆ.

ಅಡಿಟಿಪ್ಪಣಿಯ ಸ್ವಂತ ಅಣ್ಣ ಹೋಗಿ ಒಂದು ವರ್ಷವಾಗಿತ್ತು. ಮದುವೆಯಾಗದೆ ತಮ್ಮನನ್ನು ಓದಿಸಿ ದಡ ಹತ್ತಿಸಿದ ಅಣ್ಣ. ಆ ದಿನ ತಮ್ಮ ಅಳಲಿಲ್ಲ, ಮರಣಪತ್ರದಲ್ಲಿ ತಾರೀಕು ಸರಿಯಾಗಿದೆಯೇ ಎಂದು ನೋಡುತ್ತ ನಿಂತಿದ್ದ. ಅತ್ತದ್ದೆಲ್ಲ ಈ ಎರಡು ಪುಟದಲ್ಲಿ. ಇದು ಅಚ್ಚಾಗಲಿ ಎಂದೇ ಮೂವತ್ತೊಂಬತ್ತು ವಾರ ಊರಿನ ರಕ್ತ ಹೀರಿಸಿದ್ದ.

ಇನ್ನೂ ಓದುತ್ತಿರುವಾಗಲೇ ಪಕ್ಕದ ಮನೆಯ ನಿವೃತ್ತ ಹೆಡ್ ಮೇಷ್ಟ್ರು ಒಳಗೆ ಬಂದರು. ಕಂಕುಳಲ್ಲಿ ಸುರುಳಿ ಸುತ್ತಿದ ದೊಡ್ಡ ಕಾಗದ.

“ಏನಪ್ಪಾ, ಆರು ಜನ ಸಿಕ್ಕಿಲ್ಲ ಅಂದ್ಯಲ್ಲ, ಒಬ್ಬ ಸಿಕ್ಕಿದಾನೆ,” ಎಂದು ಕಾಗದ ಬಿಚ್ಚಿದರು. ಅದು ಅವರ ವಂಶವೃಕ್ಷ. “ನೋಡು, ನಮ್ಮ ಮುತ್ತಾತ. ಮುತ್ತಿಗೆ ಹೊತ್ನಲ್ಲಿ ಇಪ್ಪತ್ತು ವರ್ಷ. ಬಿಸಿರಕ್ತ. ಇವನನ್ನ ಬಿಟ್ಟು ದಳಪತಿ ಇನ್ಯಾರನ್ನ ಕಚ್ತಾನೆ?”

“ಮೇಷ್ಟ್ರೇ, ಅದು ಕತೆ. ಯಾರೂ ಯಾರನ್ನೂ ಕಚ್ಲಿಲ್ಲ.”

“ಹಾಗಂತ ಟೈಲರ್‌ಗೆ ಹೇಳು ಹೋಗು! ಅವನ ಮುತ್ತಾತ ಪೀಪಿ ಊದ್ತಿದ್ದೋನು, ಅವನಿಗೆ ಅಮರತ್ವ. ನಮ್ಮೋರು ಏನು, ಸೀತು ಕೆಮ್ಮಿ ಸತ್ತರಾ?”

ನಡುಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. “ಒಂದು ಹೆಸರು ತಾನೇ, ಸೇರಿಸಿಬಿಡಿ. ಹಾಗೇ ನಮ್ಮ ತವರಿನ ಮುತ್ತಾತನ್ನೂ ಹಾಕಿ. ಕಟ್ಟಿಕೊಂಡವಳ ಕಡೆಯೋರು ಅನ್ನೋ ಕಾರಣಕ್ಕೆ ಅವರನ್ನ ಬಿಟ್ಟಿದ್ದೀರಿ ಅಂತ ನಮ್ಮಮ್ಮ ವಾರದಿಂದ ಊಟ ಸೇರ್ತಿಲ್ಲ ಅಂತಾರೆ.”

ಏನು ಮಹಾ, ಖಾಲಿ ಇರುವುದು ಆರು ಜಾಗ, ನಾಲ್ಕು ಸಾಲು ಹೆಚ್ಚಾದೀತು, ಅಣ್ಣನ ಎರಡು ಪುಟಕ್ಕೇನೂ ಧಕ್ಕೆಯಿಲ್ಲ ಎಂದುಕೊಂಡು ಅಡಿಟಿಪ್ಪಣಿ ಒಪ್ಪಿದ. ಬಡಪಾಯಿ! ನೆರೆಹೊರೆಯ ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ಜಾಗ ಸಿಗುವುದಿಲ್ಲ ಎಂಬುದು ಅವನಿಗೆ ಯಾವ ಕಡತದಲ್ಲೂ ಸಿಕ್ಕಿರಲಿಲ್ಲ.

ಬೀದಿಗಿಳಿದರೆ ಟೈಲರ್ ಅಂಗಡಿಯ ಮೆಟ್ಟಿಲಲ್ಲೇ ಕಾಯುತ್ತಿದ್ದ. ಕತ್ತಿನಲ್ಲಿದ್ದ ಅಳತೆ ಟೇಪನ್ನು ಸರಿಸಿ, ಬಂದವರಿಗೆಲ್ಲ ಮುತ್ತಾತನನ್ನು ಕಚ್ಚಿದ ಜಾಗ ಎಂದು ತನ್ನ ಕತ್ತನ್ನೇ ತೋರಿಸುತ್ತಿದ್ದ.

“ಗುಮಾಸ್ತರೇ, ಮೇಷ್ಟ್ರು ಸುರುಳಿ ಹಿಡ್ಕೊಂಡು ನಿಮ್ಮನೆಗೆ ಬಂದಿದ್ರಂತೆ? ನೋಡಿ, ಸೇರಿಸೋದಾದ್ರೆ ಸೇರಿಸಿ. ಆದ್ರೆ ಮೊದಲು ಕಚ್ಚಿದ್ದು ನಮ್ಮೋರನ್ನ ಅಂತ ಸ್ಪಷ್ಟವಾಗಿ ಬರೀಬೇಕು. ಆಮೇಲೆ ನಮ್ಮತ್ತೆ ಕಡೆಯೋರು ಮೂರು ಜನ ಇದ್ದಾರೆ.”

ಕಚೇರಿ ತಲುಪುವಷ್ಟರಲ್ಲಿ ಅವನ ಜೇಬು ಮುತ್ತಾತಂದಿರ ಹೆಸರಿನ ಚೀಟಿಗಳಿಂದ ಉಬ್ಬಿತ್ತು. ಔಷಧಿ ಅಂಗಡಿಯವನು ಒಂದು ಕೊಟ್ಟ. ಅಂಚೆಯವನು ಕಾಗದಗಳ ಜೊತೆಗೆ ಒಂದು ಕೊಟ್ಟ. ದಾಖಲೆ ಕೋಣೆಯ ಬೀಗ ತೆಗೆಯುವ ಮೊದಲೇ ಮೇಲಧಿಕಾರಿಗಳ ಕರೆ ಬಂತು.

“ಏನ್ರೀ, ಎಷ್ಟಾಯ್ತು?” ಎಂದರು ಸಾಹೇಬರು, ಕನ್ನಡಕದ ಮೇಲಿನಿಂದ ನೋಡುತ್ತ.

“ಇಪ್ಪತ್ತಾರು ಸಾರ್. ಆದರೆ ಏಳು ಅಂತ ಬರೆದಿದ್ದೆ.”

“ಏಳು ಅಂದದ್ದು ಅಚ್ಚಿನ ದೋಷ ಅಂತ ಹಾಕಿ. ನಮ್ಮ ಮುತ್ತಾತ ಕೋಟೆ ಬಾಗಿಲು ಕಾಯ್ತಿದ್ರು. ದಳಪತಿ ಒಳಗೆ ಹೋಗೋವಾಗ ಒಂದು ಸಲ, ಹೊರಗೆ ಬರೋವಾಗ ಒಂದು ಸಲ ಕಚ್ಚಿರ್ತಾನೆ. ಸುಮ್ನೆ ಹೇಳ್ದೆ. ನಿಮ್ಮ ವರ್ಗಾವಣೆ ಕಡತ ಇನ್ನೂ ನನ್ನ ಹತ್ರಾನೇ ಇದೆ.”

ಹನ್ನೊಂದಕ್ಕೆ ಅಚ್ಚಿನ ಮನೆ ಮುಟ್ಟಿದಾಗ ಕಹಳೆಯವನೂ ಸೇರಿ ಮೂವತ್ತೆಂಟಾಗಿತ್ತು. ಸಂಪಾದಕ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ತನ್ನದೊಂದು ಸೇರಿಸಿ, ಮೂವತ್ತೊಂಬತ್ತು ಮಾಡಿದ. ಆಮೇಲೆ ಅಳತೆಗೋಲು ಇಟ್ಟು ನೋಡಿದ.

“ರೀ ಅಡಿಟಿಪ್ಪಣಿ, ನಿಮಗಿರೋದು ಮೂರು ಪುಟ. ಹೆಸರು, ಮನೆತನ, ಕಚ್ಚಿದ ಜಾಗ ಎಲ್ಲ ಸೇರಿ ಎರಡೂಮುಕ್ಕಾಲು ತಿಂತು. ಈ ಹೂಳೋದು ಗೀಳೋದು ತೆಗೀರಿ.”

“ಅದು ಕತೆಯ ಜೀವ, ಸ್ವಾಮಿ. ಹೆಸರುಗಳನ್ನ ತೆಗೀರಿ.”

“ಹೆಸರು ತೆಗೆದ್ರೆ ಸಂಜೆ ನನ್ನ ಜೀವ ತೆಗೀತಾರೆ. ಮಾಡಿದ್ದುಣ್ಣೋ ಮಹಾರಾಯ. ಆರು ಜನ ಸಿಕ್ಕಿಲ್ಲ ಅಂತ ಬರೀರಿ ಅಂತ ನಾನು ಹೇಳಿದ್ನಾ?”

ಎರಡು ಪುಟವನ್ನು ಒಂದು ಮಾಡಿದ. ಒಂದನ್ನು ಅರ್ಧ ಮಾಡಿದ. ಅಣ್ಣ ಸತ್ತ, ಮಣ್ಣು ಮಾಡಿದರು ಎಂದು ಒಂದು ಸಾಲಿಗೆ ಇಳಿಸಿದ. ಅದನ್ನು ಓದಿದಾಗ ಅವನಿಗೇ ನಾಚಿಕೆಯಾಯಿತು. ಆ ಸಾಲನ್ನೂ ಹೊಡೆದು ಹಾಕಿದ. ಎಂದೂ ಯಾರಿಗೂ ಎದುರಾಡದ ಆ ಸಾಧು ಪ್ರಾಣಿಗೆ ಸಿಟ್ಟು ಬಂದದ್ದು ಆಗ.

ಉಳಿದಿದ್ದ ಕಾಲು ಪುಟದಲ್ಲಿ ಅವನು ಬರೆದ: ‘ಮೂವತ್ತೊಂಬತ್ತು ಮಂದಿಯೂ ಗೆದ್ದ ಸಂಭ್ರಮದಲ್ಲಿ ಮೈಮರೆತು ಕೋಟೆಯ ಬಯಲಿನಲ್ಲಿ ಕುಣಿಯುತ್ತಿರುವಾಗ ಸೂರ್ಯ ಹುಟ್ಟಿದ. ಬಿಸಿಲು ತಾಗಿದ್ದೇ ತಡ, ದಳಪತಿಯೂ ಸೇರಿ ಎಲ್ಲರೂ ಭಗ್ಗನೆ ಉರಿದು ಹಿಡಿ ಬೂದಿಯಾದರು. ಮುಗಿಯಿತು.’ ಕೆಳಗೆ ಟಿಪ್ಪಣಿ: ‘ಮುತ್ತಿಗೆ ತೆರವಾದ ಮರುದಿನ ಬೆಳಗ್ಗೆ. ಒಬ್ಬರೂ ಉಳಿಯಲಿಲ್ಲ.’

ಸಂಪಾದಕನಿಗೆ ಹೆಸರುಗಳ ಕಾಗುಣಿತ ನೋಡುವುದರಲ್ಲೇ ಸಾಕಾಗಿತ್ತು. ಕೊನೆಯ ಕಾಲು ಪುಟ ನೇರ ಅಚ್ಚಿಗೆ ಹೋಯಿತು.

ಐದೂ ಕಾಲಿಗೆ ಮನೆ ಮುಂದೆ ಜನ ಸೇರಿದರು. ಅಡಿಟಿಪ್ಪಣಿ ಕಿಟಕಿಯಿಂದ ನೋಡಿದ. ಸುಟ್ಟದ್ದಕ್ಕೆ ಸಿಟ್ಟಾಗಿದ್ದಾರೆ, ನಾಲ್ಕು ಬಯ್ಯಲಿ, ಎರಡು ಹೊಡೆಯಲಿ, ಹೇಗೂ ಕತೆ ಮುಗಿಯಿತಲ್ಲ ಎಂದು ಧೈರ್ಯ ತಂದುಕೊಂಡು ಹೊರಗೆ ಬಂದ.

ಬಯ್ಗುಳವೇ ಇಲ್ಲ. ಹೆಡ್ ಮೇಷ್ಟ್ರು ಪತ್ರಿಕೆಯನ್ನೂ ವಂಶವೃಕ್ಷವನ್ನೂ ಪಕ್ಕಪಕ್ಕ ಹಿಡಿದು, ಮಗ್ಗಿ ತಪ್ಪಿದ ಹುಡುಗನ ಹಾಗೆ ಬಿಳಿಚಿಕೊಂಡಿದ್ದರು.

“ಅಪ್ಪಾ, ಒಂದು ಲೆಕ್ಕ ಕೂಡ್ತಿಲ್ಲ,” ಎಂದರು ಸಣ್ಣ ದನಿಯಲ್ಲಿ. “ನಮ್ಮ ಮುತ್ತಾತನಿಗೆ ಮದುವೆ ಆದದ್ದು ಮುತ್ತಿಗೆ ಆಗಿ ಎರಡು ವರ್ಷಕ್ಕೆ. ನಮ್ಮ ತಾತ ಹುಟ್ಟಿದ್ದು ನಾಲ್ಕು ವರ್ಷಕ್ಕೆ. ನೀನು ನೋಡಿದ್ರೆ ಮುತ್ತಿಗೆಯ ಮರುದಿನವೇ ಅವರನ್ನ ಬೂದಿ ಮಾಡಿದೀಯ. ಹಾಗಾದ್ರೆ ನಮ್ಮ ತಾತನ ಅಪ್ಪ ಯಾರು?”

ಎಲ್ಲರೂ ಬೆರಳು ಮಡಚತೊಡಗಿದರು. ಟೈಲರ್ ಎರಡು ಸಲ ಎಣಿಸಿ, ಅಳತೆ ಟೇಪನ್ನು ಕತ್ತಿನಿಂದ ಮೆಲ್ಲಗೆ ತೆಗೆದ. ಹಿಂದುಗಡೆ ನಿಂತಿದ್ದ ಸಾಹೇಬರು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡರು. ಆಮೇಲೆ ಒಬ್ಬರ ಮೂಗನ್ನು ಒಬ್ಬರು ನೋಡತೊಡಗಿದರು, ಯಾರದು ಯಾರ ಹಾಗಿದೆ ಎಂದು.

“ರೀ,” ಎಂದಳು ಹೆಂಡತಿ ಹಿಂದಿನಿಂದ, “ನಮ್ಮೋರನ್ನೂ ಸುಟ್ಟಿದ್ದೀರಲ್ಲ. ಹಾಗಾದ್ರೆ ನಾನು ಯಾರ ಪೈಕಿ? ನಮ್ಮ ಮಕ್ಕಳು?”

“ಅಯ್ಯೋ, ಅದು ಕತೆ ಕಣ್ರೋ!” ಎಂದು ಅಡಿಟಿಪ್ಪಣಿ ಅಳುವ ಹಾಗಾದ. “ನಾನೇ ಕಟ್ಟಿದ ಸುಳ್ಳು!”

“ಕತೆ ಅನ್ನೋದು ನಮಗೂ ಗೊತ್ತು,” ಎಂದರು ಮೇಷ್ಟ್ರು. “ಆದ್ರೆ ಕೆಳಗೆ ಟಿಪ್ಪಣಿ ಹಾಕಿದೀಯಲ್ಲಪ್ಪಾ!”

ಅಷ್ಟರಲ್ಲಿ ಸಂಪಾದಕ ಜನರನ್ನು ಸೀಳಿಕೊಂಡು ಬಂದ. ಅವನ ಮುಖ ಮಾತ್ರ ಹಬ್ಬದ ಹಾಗಿತ್ತು. “ಗಾಬರಿ ಬೇಡ, ಎಲ್ಲ ತೀರ್ಮಾನ ಆಗಿದೆ. ಮುಂದಿನ ವಾರದಿಂದ ಒಬ್ಬೊಬ್ಬರೇ ಬೂದಿಯಿಂದ ಎದ್ದು ಬರ್ತಾರೆ. ಎದ್ದು, ಮನೆಗೆ ಹೋಗಿ, ಮದುವೆಯಾಗಿ, ಮಕ್ಕಳು ಮಾಡ್ಕೊಂಡು, ಆಮೇಲೆ ಏನಾದ್ರೂ ಮಾಡ್ಕೊಳ್ಲಿ. ಮನೆಗೊಂದು ವಾರ. ಟಿಪ್ಪಣಿ ಸಮೇತ.”

ಮೂವತ್ತೊಂಬತ್ತು ವಾರ. ಅಡಿಟಿಪ್ಪಣಿ ಬಾಗಿಲ ಚೌಕಟ್ಟು ಹಿಡಿದುಕೊಂಡ. ಜೇಬಿನಲ್ಲಿ ಮಡಚಿಟ್ಟಿದ್ದ ಎರಡು ಪುಟ ತೆಗೆದು ಸಂಪಾದಕನ ಮುಂದೆ ಹಿಡಿದ.

“ಬರೀತೀನಿ. ಎಲ್ಲರನ್ನೂ ಎಬ್ಬಿಸ್ತೀನಿ. ಇದಕ್ಕೊಂದು ವಾರ ಕೊಡಿ. ದಳಪತಿ ಅಣ್ಣನದ್ದು.”

ಸಂಪಾದಕ ಪುಟ ಮುಟ್ಟಲಿಲ್ಲ. “ಆ ಅಣ್ಣನಿಗೆ ಹೆಂಡತಿ ಮಕ್ಕಳು ಯಾರಾದ್ರೂ ಇದ್ರಾ?”

“ಇಲ್ಲ. ಮದುವೆ ಆಗಿರಲಿಲ್ಲ.”

“ಮತ್ತೆ? ಅವನನ್ನ ಕೇಳೋರು ಯಾರಿದಾರೆ?”

ನಾನಿದ್ದೀನಿ ಎಂದು ಹೇಳಲು ಅಡಿಟಿಪ್ಪಣಿ ಬಾಯಿ ತೆರೆದ. ಆದರೆ ಮೊದಲು ಏಳುವವರು ಯಾರು ಎಂದು ಟೈಲರಿಗೂ ಮೇಷ್ಟ್ರಿಗೂ ಆಗಲೇ ಜಗಳ ಹತ್ತಿತ್ತು. ಸಾಹೇಬರು ಒಳಗಿನಿಂದ ಕುರ್ಚಿ ತರಿಸಿ ಅವನನ್ನು ಅದರಲ್ಲಿ ಕೂರಿಸಿದರು. ಹೆಂಡತಿ ಮಸಿಕುಡಿಕೆ ತಂದಿಟ್ಟು, ಖಾಲಿ ಹಾಳೆ ಬೇರೆ ಸಿಗದೆ, ಅವನ ಕೈಯಲ್ಲಿದ್ದ ಎರಡು ಪುಟಗಳನ್ನೇ ಮಗುಚಿ ಮುಂದಿಟ್ಟಳು.

“ಹಿಂದುಗಡೆ ಖಾಲಿ ಇದೆಯಲ್ಲ,” ಎಂದಳು. “ನಮ್ಮೋರಿಂದ ಶುರು ಮಾಡಿ.”